ನೆಲವನ್ನು ಅರಸಿ ಬಂದ ನರ್ತಕಿ

ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಆದರೆ ಚೆನ್ನಾಗಿ ಕುಣಿಯಬಲ್ಲ ನರ್ತಕಿಯೊಬ್ಬಳು ಮಹಾನಗರದ ನುಣುಪಾದ ರಂಗಸ್ಥಳಗಳನ್ನು ತೊರೆದು, ಡೊಂಕು ನೆಲವೇ ತನಗೆ ಬೇಕೆಂದು ಅರಸಿ ಬಂದ ಸಂಗತಿಯನ್ನು ವಾಚಕರು ಕೇಳಿರುವರೆ? ಆ ನೆಲವಿರುವುದು ದೂರದೇಶದಲ್ಲಲ್ಲ. ಬೆಂಗಳೂರಿನಿಂದ ಸುಮಾರು 30 ಕಿಲೋಮೀಟರು ದೂರದ ಹೆಸರಘಟ್ಟದಲ್ಲಿ.

ಹೆಸರಘಟ್ಟವೆಂದೊಡನೆ ಹಿರಿಯರಿಗೆ ನೆನಪಾಗುವುದು ಅಲ್ಲಿಯ ಕೆರೆ. ಅರ್ಕಾವತಿಯ ನೀರನ್ನು ತಡೆದು ನಿಲ್ಲಿಸಿದ ಆ ಕೆರೆಯೇ 1890ರ ದಶಕದಲ್ಲಿ ಬೆಂಗಳೂರಿಗೆ ಕೊಳಾಯಿ ನೀರನ್ನು ಒದಗಿಸಿತು. ಹಳ್ಳಿಯು ನಗರದ ದಾಹವನ್ನು ತಣಿಸಿದ ಆ ಊರಿಗೇ, ಸುಮಾರು ನೂರು ವರ್ಷಗಳ ತರುವಾಯ, ನಗರದ ಕಲಾವಿದೆಯೊಬ್ಬಳು ತನ್ನ ದಾಹವನ್ನು ಹೊತ್ತು ಬಂದಳು. ಆಕೆಯೇ ಪ್ರೊತಿಮಾ ಬೇಡಿ.

1948ರಲ್ಲಿ ದೆಹಲಿಯಲ್ಲಿ ಜನಿಸಿದ ಪ್ರೊತಿಮಾ, ಅಂದಿನ ಬೊಂಬಾಯಿಯಲ್ಲಿ ಹೆಸರಾಂತ ರೂಪದರ್ಶಿ. ಆಕೆಯ ಉಡುಗೆ, ನಡೆ, ನುಡಿಗಳೆಲ್ಲವೂ ಪತ್ರಿಕೆಗಳಿಗೆ ಸುದ್ದಿಯ ಸುಗ್ಗಿ. ಹೊಗಳುವವರಿಗಿಂತ ಬೆರಳು ತೋರುವವರೇ ಹೆಚ್ಚು. ಹೀಗಿರಲು, 1975ರ ಆಗಸ್ಟ್ ತಿಂಗಳಿನ ಒಂದು ಸಂಜೆ, ಅಕಸ್ಮಾತ್ತಾಗಿ ಹೊಕ್ಕ ಸಭಾಂಗಣವೊಂದರಲ್ಲಿ ಆಕೆ ಒಡಿಸ್ಸಿ ನೃತ್ಯವನ್ನು ಕಂಡಳು. ಆ ಸಂಜೆಯೇ ಆಕೆಯ ಬಾಳನ್ನು ಎರಡಾಗಿ ಸೀಳಿತು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ಆಗ ಆಕೆಗೆ ಇಪ್ಪತ್ತಾರು ವರ್ಷ. ಎರಡು ಮಕ್ಕಳ ತಾಯಿ. ನೃತ್ಯಾಭ್ಯಾಸವನ್ನು ಎಂಟು ಹತ್ತರ ಎಳೆವಯಸ್ಸಿನಲ್ಲಿ ಆರಂಭಿಸುವುದು ರೂಢಿ. ಆದರೂ ಆಕೆ ಕಟಕಕ್ಕೆ ಹೋಗಿ ಗುರು ಕೇಳುಚರಣ ಮಹಾಪಾತ್ರರ ಬಾಗಿಲಲ್ಲಿ ನಿಂತಳು. ಬಾಲಕರೇ ಸ್ತ್ರೀವೇಷ ಧರಿಸಿ ಕುಣಿಯುವ ಗೋಟಿಪುಅ ಸಂಪ್ರದಾಯದಲ್ಲಿ ಬೆಳೆದು, ಒಡಿಸ್ಸಿಗೆ ಹೊಸ ಜೀವ ತುಂಬಿದವರಲ್ಲಿ ಅಗ್ರಗಣ್ಯರಾಗಿದ್ದ ಆ ಗುರುಗಳು ಮೊದಲು ಹಿಂಜರಿದರು. ಶಿಷ್ಯೆಯ ಹಟವು ಗೆದ್ದಿತು. ಅಂದಿನಿಂದ ದಿನಕ್ಕೆ ಹನ್ನೆರಡು ಗಂಟೆಗಳಿಗೂ ಮೀರಿದ ಸಾಧನೆ. ಕತ್ತು, ನಡು, ಮೊಣಕಾಲು ಮೂರೆಡೆಗಳಲ್ಲಿ ಮೈ ಬಾಗಿ ನಿಲ್ಲುವುದೇ ಒಡಿಸ್ಸಿಯ ತ್ರಿಭಂಗ. ಬಲಿತ ಮೂಳೆಗಳು ಆ ಬಾಗನ್ನು ಕಲಿತದ್ದು ನೋವಿನಿಂದಲೇ.

ಕಲಿತುದನ್ನು ಬೊಂಬಾಯಿಯಲ್ಲಿ ಕಲಿಸಿದರೇನು ಕೊರತೆಯಾಗುತ್ತಿತ್ತು? ಆಕೆ ಅದನ್ನೂ ಮಾಡಿ ನೋಡಿದಳು. ಆದರೆ ಗುರುವಿನ ಮನೆಯಲ್ಲಿ ವಿದ್ಯೆಯೂ ಬಾಳುವೆಯೂ ಒಂದೇ ಆಗಿದ್ದುದನ್ನು ಕಂಡವಳಿಗೆ, ಗಡಿಯಾರ ನೋಡಿ ಬಂದು ಹೋಗುವ ತರಗತಿಗಳು ರುಚಿಸಲಿಲ್ಲ. ಗುರುಕುಲವೊಂದನ್ನು ಕಟ್ಟಬೇಕೆಂಬ ಹಂಬಲ ಬಲಿಯಿತು. ಕರ್ನಾಟಕ ಸರ್ಕಾರವು ಹೆಸರಘಟ್ಟದ ಬಳಿ ಹತ್ತು ಎಕರೆ ನೆಲವನ್ನು ಗುತ್ತಿಗೆಗೆ ಕೊಟ್ಟಿತು. ಗೋವೆಯ ವಾಸ್ತುಶಿಲ್ಪಿ ಜೆರಾರ್ಡ್ ಡ ಕುನ್ಹಾ ಅವರು ಕಲ್ಲು, ಮಣ್ಣು, ಹುಲ್ಲುಗಳಿಂದಲೇ ಸುತ್ತಣ ಹಳ್ಳಿಗಳಿಗೆ ಒಪ್ಪುವಂಥ ಮನೆಗಳನ್ನು ಎಬ್ಬಿಸಿದರು. 1990ರ ಮೇ 11ರಂದು ಅಂದಿನ ಪ್ರಧಾನಿ ವಿ. ಪಿ. ಸಿಂಗರು ‘ನೃತ್ಯಗ್ರಾಮ’ವನ್ನು ಉದ್ಘಾಟಿಸಿದರು.

ಅಲ್ಲಿಯ ದಿನಚರಿಯಾದರೂ ಎಂಥದು? ಗೆಜ್ಜೆ ಕಟ್ಟಿದ ಕಾಲುಗಳೇ ತೋಟದ ಪಾತಿಯನ್ನು ತುಳಿಯಬೇಕು. ಮುದ್ರೆ ಹಿಡಿದ ಕೈಗಳೇ ಕಸಬರಿಗೆಯನ್ನೂ ಹಿಡಿಯಬೇಕು. ಸುತ್ತಲಿನ ಹಳ್ಳಿಯ ಮಕ್ಕಳಿಗೂ ಅಲ್ಲಿ ನೃತ್ಯಪಾಠ ದೊರೆಯಿತು. ಹಾಗೆ ಬಂದ ಮಕ್ಕಳಲ್ಲೊಬ್ಬಳಾದ ಪವಿತ್ರಾ ರೆಡ್ಡಿ, ಮುಂದೆ ನೃತ್ಯಗ್ರಾಮದ ತಂಡದೊಡನೆ ದೇಶವಿದೇಶಗಳ ರಂಗಗಳನ್ನೇರಿದಳು. ಫೆಬ್ರವರಿಯ ‘ವಸಂತಹಬ್ಬ’ವಂತೂ ಇರುಳಿಡೀ ನಡೆಯುವ ಸಂಗೀತ ನೃತ್ಯಗಳ ಜಾತ್ರೆ. ರೈತನೂ ನಗರದ ರಸಿಕನೂ ಒಂದೇ ಬಯಲಲ್ಲಿ, ಟಿಕೇಟಿಲ್ಲದೆ, ಒಟ್ಟಿಗೆ ಕುಳಿತು ಬೆಳಗು ಕಂಡರು.

ಕನಸೆಲ್ಲವೂ ಕೈಗೂಡಿತೆಂದಲ್ಲ. ಏಳು ಶಾಸ್ತ್ರೀಯ ನೃತ್ಯಗಳಿಗೆ ಏಳು ಗುರುಕುಲಗಳೆಂಬುದು ಸಂಕಲ್ಪ. ಬೇರೂರಿ ನಿಂತುದು ಒಡಿಸ್ಸಿಯೊಂದೇ. ಹಣದ ಚಿಂತೆ ಎಂದೂ ಬಿಡಲಿಲ್ಲ. ವಸಂತಹಬ್ಬವೂ 2004ರ ಬಳಿಕ ನಿಂತುಹೋಯಿತು.

1997ರಲ್ಲಿ ಹರೆಯದ ಮಗನನ್ನು ಕಳೆದುಕೊಂಡ ತಾಯಿಯ ಮನಸ್ಸು ಹಿಮಾಲಯದತ್ತ ತಿರುಗಿತು. ಕಟ್ಟಿದ ಮನೆಯನ್ನು ಶಿಷ್ಯೆಯರ ಕೈಗಿತ್ತು, ಪ್ರೊತಿಮಾ ಗೌರಿ ಎಂಬ ಹೆಸರಿನಿಂದ ಆಕೆ ಕೈಲಾಸ ಮಾನಸಸರೋವರದ ಯಾತ್ರೆಗೆ ಹೊರಟಳು. 1998ರ ಆಗಸ್ಟ್ 18ರ ನಸುಕಿನಲ್ಲಿ ಮಾಲ್ಪಾ ಎಂಬಲ್ಲಿ ಬೆಟ್ಟವೇ ಜರಿದು ಇನ್ನೂರಕ್ಕೂ ಮೀರಿದ ಜನರನ್ನು ನುಂಗಿತು. ಅವರಲ್ಲಿ ಈಕೆಯೂ ಒಬ್ಬಳು. ಆಗ ಐವತ್ತು ತುಂಬಲು ಎರಡು ತಿಂಗಳಷ್ಟೇ ಉಳಿದಿತ್ತು.

ಕಟ್ಟಿದವಳು ಹೋದ ಮೇಲೆ ಊರು ಉಳಿಯುವುದೆ ಎಂದು ಅನೇಕರು ಅಂದು ಶಂಕಿಸಿದರು. ಉತ್ತರ ಕೊಟ್ಟವಳು ನೃತ್ಯಗ್ರಾಮದ ಮೊದಲ ಶಿಷ್ಯೆ ಸುರೂಪಾ ಸೇನ್. ಆಕೆಯೂ ಜೊತೆಗಾತಿಯರೂ ಹೆಸರಘಟ್ಟದ ಮಣ್ಣಿನಲ್ಲಿ ರೂಪಿಸಿದ ನೃತ್ಯವನ್ನು ನ್ಯೂಯಾರ್ಕಿನ ರಸಿಕರೂ ಎದ್ದುನಿಂತು ಗೌರವಿಸಿದರು. ನಗರವು ಪ್ರೊತಿಮಾಳಿಗೆ ಕೊಟ್ಟುದು ಕೀರ್ತಿಯನ್ನು, ಅಪಕೀರ್ತಿಯನ್ನು. ಹಳ್ಳಿಯು ಕೊಟ್ಟುದು ಹತ್ತು ಎಕರೆ ಡೊಂಕು ನೆಲವನ್ನು. ಉಳಿದುಬಂದುದು ಯಾವುದೆಂಬುದನ್ನು ವಾಚಕರೇ ನಿರ್ಣಯಿಸಲಿ.