ಟಿಗ್ ಬೆಸುಗೆಗೆ ತಕ್ಕ ತುಂಬುಕಡ್ಡಿಯ ಆಯ್ಕೆ

ಬೇಸಾಯದಲ್ಲಿ ಯಂತ್ರೋಪಕರಣಗಳ ಬಳಕೆ ಹೆಚ್ಚಿದಂತೆಲ್ಲ ಮುರಿದುದನ್ನು ಬೆಸೆಯುವ ಕೆಲಸವೂ ಹೆಚ್ಚಿದೆ. ಬಿತ್ತನೆಯ ಹದ ಬಂದಿರುವಾಗ ಕೂರಿಗೆಯ ಚೌಕಟ್ಟು ಬಿರುಕುಬಿಟ್ಟರೆ, ಅದನ್ನು ಪೇಟೆಗೆ ಸಾಗಿಸಿ ಸರಿಮಾಡಿಸಿಕೊಂಡು ಬರುವಷ್ಟರಲ್ಲಿ ನೆಲದ ಹದ ಆರಿಹೋಗುತ್ತದೆ. ಈ ಕಾರಣದಿಂದ ಅನೇಕ ರೈತರು ಮನೆಯಲ್ಲಿಯೇ ಬೆಸುಗೆ ಯಂತ್ರವನ್ನಿಟ್ಟುಕೊಂಡು, ಗುರುವಿಲ್ಲದೆ ತಾವೇ ಕಲಿಯುತ್ತಿದ್ದಾರೆ. ಒಂದೇ ಫೇಸಿನ ವಿದ್ಯುತ್ತಿನಲ್ಲಿ ನಡೆಯುವ ಸಣ್ಣ ಇನ್ವರ್ಟರ್ ಯಂತ್ರಗಳು ಬಂದ ಮೇಲೆ ಟಿಗ್ ಬೆಸುಗೆಯೂ ಅವರ ಕೈಗೆಟುಕಿದೆ. ಹೀಗೆ ಕಲಿಯುವವರು ಟಾರ್ಚನ್ನು ಹಿಡಿಯುವ ಬಗೆಯನ್ನು ಬೇಗ ರೂಢಿಸಿಕೊಳ್ಳುತ್ತಾರೆ. ಆದರೆ ಯಾವ ಲೋಹಕ್ಕೆ ಯಾವ ಕಡ್ಡಿ ಎಂಬ ಪ್ರಶ್ನೆಯಲ್ಲಿ ಎಡವುವುದುಂಟು. ಈ ಲೇಖನದಲ್ಲಿ ಆ ವಿಷಯವನ್ನು ತಿಳಿಸಲಾಗಿದೆ.

ಟಿಗ್ ಬೆಸುಗೆ ಎಂದರೇನು?

1941ರಲ್ಲಿ ಅಮೆರಿಕದ ನಾರ್ತ್ರಪ್ ವಿಮಾನ ಕಂಪನಿಯಲ್ಲಿ ರಸೆಲ್ ಮೆರೆಡಿತ್ ಎಂಬುವರು ಮೆಗ್ನೀಸಿಯಂ ಲೋಹವನ್ನು ಬೆಸೆಯುವುದಕ್ಕಾಗಿ ಈ ವಿಧಾನವನ್ನು ಬಳಕೆಗೆ ತಂದರು. ಇದರಲ್ಲಿ ಟಂಗ್‌ಸ್ಟನ್ ಮುಳ್ಳಿನ ತುದಿಯಿಂದ ವಿದ್ಯುತ್ ಕಿಡಿ ಹೊರಟು ಲೋಹವನ್ನು ಕರಗಿಸುತ್ತದೆ. ಮುಳ್ಳು ಕರಗುವುದಿಲ್ಲ. ಅದರ ಸುತ್ತಲೂ ಹರಿಯುವ ಆರ್ಗಾನ್ ಅನಿಲವು ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಪಾಡುತ್ತದೆ. ಸಂದನ್ನು ತುಂಬಲು ಬೇಕಾದ ಲೋಹವನ್ನು ಇನ್ನೊಂದು ಕೈಯಿಂದ ಕಡ್ಡಿಯ ರೂಪದಲ್ಲಿ ಊಡಿಸಬೇಕು. ಅಂಗಡಿಯವರು ಫಿಲ್ಲರ್ ರಾಡ್ ಎಂದು ಕರೆಯುವುದು ಇದನ್ನೇ. ಇದನ್ನು ನಾವು ತುಂಬುಕಡ್ಡಿ ಎನ್ನೋಣ.

ಸಾಮಾನ್ಯ ಆರ್ಕ್ ಬೆಸುಗೆಯ ರಾಡಿನ ಮೇಲೆ ಮದ್ದಿನ ಲೇಪನವಿರುತ್ತದೆ. ಕರಗಿದ ಲೋಹದಲ್ಲಿ ಸೇರಿಕೊಂಡ ಆಮ್ಲಜನಕವನ್ನು ಹೀರಿ, ಕಸವನ್ನು ಮೇಲಕ್ಕೆ ತೇಲಿಸುವುದು ಆ ಮದ್ದಿನ ಕೆಲಸ. ಟಿಗ್ ಕಡ್ಡಿಗೆ ಇಂತಹ ಲೇಪನವಿಲ್ಲ. ಆದ್ದರಿಂದ ಆ ಕೆಲಸವನ್ನು ಕಡ್ಡಿಯೊಳಗೇ ಬೆರೆತಿರುವ ಸಿಲಿಕಾನ್, ಮ್ಯಾಂಗನೀಸ್ ಮುಂತಾದವು ಮಾಡಬೇಕಾಗುತ್ತದೆ. ಈ ಒಂದು ಅಂಶವನ್ನು ಮನಗಂಡರೆ ಆಯ್ಕೆಯ ಅರ್ಧ ತೊಡಕು ಬಿಡಿಸಿದಂತೆಯೇ.

ಮೊದಲು ಲೋಹವನ್ನು ಗುರುತಿಸಿರಿ

ಮಣ್ಣನ್ನು ನೋಡದೆ ಬೀಜವನ್ನು ಕೊಳ್ಳುವ ರೈತನಿಲ್ಲ. ಅಂತೆಯೇ ಬೆಸೆಯಬೇಕಾದ ಲೋಹ ಯಾವುದೆಂದು ತಿಳಿಯದೆ ಕಡ್ಡಿಯನ್ನು ಕೊಳ್ಳಬಾರದು. ಮನೆಯಲ್ಲಿಯೇ ಮಾಡಬಹುದಾದ ಕೆಲವು ಪರೀಕ್ಷೆಗಳು ಹೀಗಿವೆ.

1. ಸೂಜಿಗಲ್ಲಿನ ಪರೀಕ್ಷೆ: ಮೆದು ಉಕ್ಕು, ಕಮಾನು ಪಟ್ಟಿಯ ಉಕ್ಕು ಮತ್ತು ಬೀಡು ಕಬ್ಬಿಣ ಸೂಜಿಗಲ್ಲಿಗೆ ಬಲವಾಗಿ ಅಂಟುತ್ತವೆ. ಅಲ್ಯೂಮಿನಿಯಂ ಅಂಟುವುದಿಲ್ಲ. ಪಾತ್ರೆಗೆ ಬಳಸುವ 304 ಜಾತಿಯ ಸ್ಟೇನ್‌ಲೆಸ್ ಸ್ಟೀಲ್ ಸಹ ಅಂಟುವುದಿಲ್ಲ. ಬಾಗಿಸಿದ ಮೂಲೆಗಳಲ್ಲಿ ಮಾತ್ರ ತುಸು ಎಳೆಯಬಹುದು. ಆದರೆ ಕಡಿಮೆ ಬೆಲೆಯ 202 ಜಾತಿಯೂ ಅಂಟದಿರುವುದರಿಂದ, ಇವೆರಡನ್ನು ಸೂಜಿಗಲ್ಲಿನಿಂದ ಬೇರ್ಪಡಿಸಲಾಗದು.

2. ಕಿಡಿಯ ಪರೀಕ್ಷೆ: ಸಾಣೆಯ ಚಕ್ರಕ್ಕೆ ಹಿಡಿದಾಗ ಮೆದು ಉಕ್ಕಿನಿಂದ ಉದ್ದನೆಯ ಕಿಡಿಗಳು ಬರುತ್ತವೆ, ತುದಿಯಲ್ಲಿ ಕವಲುಗಳು ಕಡಿಮೆ. ಇಂಗಾಲ ಹೆಚ್ಚಿರುವ ಉಕ್ಕಿನ ಕಿಡಿಗಳು ಹೂಬತ್ತಿಯಂತೆ ಸಿಡಿದು ಚದುರುತ್ತವೆ. ಬೀಡು ಕಬ್ಬಿಣದ ಕಿಡಿಗಳು ಮೋಟು, ಮಂಕು ಕೆಂಪು. ಅಲ್ಯೂಮಿನಿಯಂನಿಂದ ಕಿಡಿಯೇ ಬರುವುದಿಲ್ಲ. ಅದನ್ನು ಮಾಮೂಲು ಸಾಣೆಕಲ್ಲಿಗೆ ಹಿಡಿದರೆ ಕಲ್ಲಿನ ರಂಧ್ರಗಳು ಕಟ್ಟಿ ಕಲ್ಲು ಕೆಡುತ್ತದೆ.

3. ಅರದ ಪರೀಕ್ಷೆ: ಅರವು ಸುಲಭವಾಗಿ ಕಚ್ಚಿದರೆ ಮೆದು ಉಕ್ಕು; ಜಾರಿದರೆ ಹದಕೊಟ್ಟ ಗಡಸು ಉಕ್ಕು.

ಮೆದು ಉಕ್ಕಿಗೆ

ಕೂರಿಗೆ ಮತ್ತು ಕುಂಟೆಯ ಚೌಕಟ್ಟು, ಕೊಟ್ಟಿಗೆಯ ಬಾಗಿಲು, ಕೋನಪಟ್ಟಿ, ಕೊಳವೆ ಇವೆಲ್ಲ ಬಹುಮಟ್ಟಿಗೆ ಮೆದು ಉಕ್ಕಿನವು. ಇವುಗಳಿಗೆ ಇಆರ್ 70ಎಸ್-6 ಅಥವಾ ಇಆರ್ 70ಎಸ್-2 ಎಂಬ ಗುರುತಿನ ಕಡ್ಡಿ ತಕ್ಕುದು. ಗುರುತನ್ನು ಓದುವ ಬಗೆ ಹೀಗಿದೆ: ‘ಇಆರ್’ ಎಂದರೆ ವಿದ್ಯುದ್ವಾರವಾಗಿಯೂ ಕಡ್ಡಿಯಾಗಿಯೂ ಬಳಸಬಹುದಾದದ್ದು. ‘70’ ಎಂದರೆ ಚದರ ಅಂಗುಲಕ್ಕೆ 70,000 ಪೌಂಡು, ಅಂದರೆ ಚದರ ಮಿ.ಮೀ.ಗೆ ಸುಮಾರು 49 ಕೆ.ಜಿ. ಎಳೆತವನ್ನು ತಾಳುವ ಬೆಸುಗೆ. ‘ಎಸ್’ ಎಂದರೆ ಗಟ್ಟಿ ತಂತಿ. ಕೊನೆಯ ಅಂಕಿಯು ಕಡ್ಡಿಯಲ್ಲಿ ಬೆರೆತಿರುವ ವಸ್ತುಗಳನ್ನು ಸೂಚಿಸುತ್ತದೆ.

‘6’ರ ಕಡ್ಡಿಯಲ್ಲಿ ಮ್ಯಾಂಗನೀಸ್ ಶೇ. 1.40ರಿಂದ 1.85 ಮತ್ತು ಸಿಲಿಕಾನ್ ಶೇ. 0.80ರಿಂದ 1.15 ಇರುತ್ತವೆ. ಇದು ಚೆನ್ನಾಗಿ ಹರಿದು ನುಣುಪಾಗಿ ಕೂಡುತ್ತದೆ. ‘2’ರ ಕಡ್ಡಿಯಲ್ಲಿ ಇವುಗಳ ಜೊತೆಗೆ ಟೈಟಾನಿಯಂ, ಜಿರ್ಕೋನಿಯಂ ಮತ್ತು ಅಲ್ಯೂಮಿನಿಯಂ ಅಲ್ಪ ಪ್ರಮಾಣದಲ್ಲಿವೆ. ಪೂರ್ತಿ ಶುದ್ಧಮಾಡಲಾಗದ ಹಳೆಯ ಉಕ್ಕಿಗೆ ಇದು ಹೆಚ್ಚು ಒಗ್ಗುತ್ತದೆ. ಕಲಿಯುವವರು ಇವೆರಡರಲ್ಲಿ ಯಾವುದನ್ನಾದರೂ ಕೊಳ್ಳಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಗ್ಯಾಸ್ ಬೆಸುಗೆಗೆಂದು ಮಾರುವ ತಾಮ್ರಲೇಪಿತ ಕಡ್ಡಿಯೂ ನೋಡಲು ಟಿಗ್ ಕಡ್ಡಿಯಂತೆಯೇ ಇರುತ್ತದೆ, ಬೆಲೆಯೂ ಕಡಿಮೆ. ಕೆಲವರು ಆರ್ಕ್ ರಾಡಿನ ಮದ್ದನ್ನು ಉದುರಿಸಿ ಒಳಗಿನ ತಂತಿಯನ್ನು ಬಳಸುತ್ತಾರೆ. ಮತ್ತೆ ಕೆಲವರು ಬೇಲಿಯ ತಂತಿಯನ್ನೇ ಊಡಿಸುತ್ತಾರೆ. ಇವುಗಳಲ್ಲಿ ಆಮ್ಲಜನಕವನ್ನು ಹೀರುವಷ್ಟು ಸಿಲಿಕಾನ್ ಇಲ್ಲ. ಹೀಗಾಗಿ ಲೋಹದಲ್ಲಿನ ಇಂಗಾಲ ಮತ್ತು ಆಮ್ಲಜನಕ ಕೂಡಿ ಅನಿಲವಾಗಿ ಗುಳ್ಳೆಯೆದ್ದು, ಬೆಸುಗೆಯೊಳಗೆ ಜೇನುಗೂಡಿನಂತೆ ತೂತುಗಳು ಉಳಿಯುತ್ತವೆ. ಮೇಲೆ ಬಣ್ಣ ಬಳಿದರೆ ಕಾಣಿಸದ ಈ ದೋಷ, ಭಾರ ಬಿದ್ದಾಗ ಮುರಿದು ಕಾಣಿಸಿಕೊಳ್ಳುತ್ತದೆ. ಬೇಲಿ ತಂತಿಯ ಸತುವಿನ ಹೊಗೆ ಆರೋಗ್ಯಕ್ಕೂ ಕೆಡುಕು. ಕಡ್ಡಿ ಸಿಗದ ಪಕ್ಷದಲ್ಲಿ, ಮಿಗ್ ಯಂತ್ರದ ಸುರುಳಿಯಲ್ಲಿ ಬರುವ ಇಆರ್ 70ಎಸ್-6 ಗಟ್ಟಿ ತಂತಿಯನ್ನು ತುಂಡುಮಾಡಿ, ಎರಡೆರಡನ್ನು ಹುರಿಮಾಡಿ ಬಳಸಿದರೆ ತೊಂದರೆಯಿಲ್ಲ. ಎರಡೂ ಒಂದೇ ಲೋಹ.

ಸ್ಟೇನ್‌ಲೆಸ್ ಸ್ಟೀಲಿಗೆ

ಹಾಲಿನ ಪಾತ್ರೆ, ಹಾಲು ಕರೆಯುವ ಯಂತ್ರದ ಬಕೀಟು, ಬೆಲ್ಲದ ಮನೆಯ ಸ್ಟೀಲ್ ಸಾಮಾನುಗಳಿಗೆ ಇಆರ್ 308ಎಲ್ ಕಡ್ಡಿಯನ್ನು ಬಳಸಬೇಕು. 304 ಜಾತಿಯಲ್ಲಿ ಸುಮಾರು ಶೇ. 18 ಕ್ರೋಮಿಯಂ ಮತ್ತು ಶೇ. 8 ನಿಕ್ಕಲ್ ಇದ್ದರೆ, 308ಎಲ್‌ನಲ್ಲಿ ಇವೆರಡೂ ತುಸು ಹೆಚ್ಚಾಗಿವೆ. ‘ಎಲ್’ ಅಕ್ಷರವನ್ನು ಕಡೆಗಣಿಸಬಾರದು. ಇಂಗಾಲವು ಶೇ. 0.03ಕ್ಕಿಂತ ಹೆಚ್ಚಿಲ್ಲವೆಂದು ಅದರ ಅರ್ಥ. ಇಂಗಾಲ ಹೆಚ್ಚಿದ್ದಲ್ಲಿ ಅದು ಕ್ರೋಮಿಯಂನೊಡನೆ ಕೂಡಿಕೊಂಡು, ತುಕ್ಕನ್ನು ತಡೆಯುವ ಕ್ರೋಮಿಯಂ ಬೆಸುಗೆಯ ಬಳಿ ಕಡಿಮೆಯಾಗುತ್ತದೆ. ಪಾತ್ರೆಯು ಮುಂದೆ ಅಲ್ಲಿಯೇ ತಿನ್ನಿಸಿಕೊಳ್ಳುತ್ತದೆ.

ಸ್ಟೇನ್‌ಲೆಸ್ ಸ್ಟೀಲನ್ನು ಮೆದು ಉಕ್ಕಿಗೆ ಬೆಸೆಯಬೇಕಾದಾಗ ಇಆರ್ 309ಎಲ್ ಬಳಸಿರಿ. ಇದರಲ್ಲಿ ಕ್ರೋಮಿಯಂ ಶೇ. 23ರಿಂದ 25, ನಿಕ್ಕಲ್ ಶೇ. 12ರಿಂದ 14 ಇರುವುದರಿಂದ, ಮೆದು ಉಕ್ಕು ಬೆರೆತು ತೆಳುವಾದರೂ ಬೆಸುಗೆಯ ಗುಣ ಉಳಿಯುತ್ತದೆ. ಇಂತಹ ಸಂದಿಗೆ 70ಎಸ್-6 ಊಡಿಸಿದರೆ ಬೆಸುಗೆಯು ಗಾಜಿನಂತೆ ಪೆಡಸಾಗಿ ಬಿರಿಯುತ್ತದೆ, ತುಕ್ಕೂ ಹಿಡಿಯುತ್ತದೆ. ಮಾಲಿಬ್ಡಿನಂ ಬೆರೆತ 316 ಜಾತಿಗೆ ಮಾತ್ರ ಇಆರ್ 316ಎಲ್ ಬೇಕು.

ಹಾಲಿನ ಪಾತ್ರೆಯ ಒಳಭಾಗದಲ್ಲಿ ತೂತು, ಸೀಳು ಅಥವಾ ಕರಿ ಹೊರಪು ಉಳಿಯಬಾರದು. ಅಲ್ಲಿ ಹಾಲಿನ ಅಂಶ ಕೂತು, ತೊಳೆದರೂ ಹೋಗದೆ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಅಂತಹ ಒಂದು ಪಾತ್ರೆಯಿಂದ ಮನೆಯ ಹಾಲೆಲ್ಲ ಸಂಘದಲ್ಲಿ ತಿರಸ್ಕೃತವಾಗಬಹುದು. ಬೆಸುಗೆಯ ಹಿಂಬದಿಗೂ ಆರ್ಗಾನ್ ತಾಗುವಂತೆ ಮಾಡಿ, ಬಣ್ಣವು ಹೊಂಬಣ್ಣಕ್ಕೆ ನಿಲ್ಲುವಂತೆ ನೋಡಿಕೊಳ್ಳಬೇಕು. ಬೂದು ಅಥವಾ ಕಪ್ಪಾದರೆ ಕಾವು ಮಿತಿಮೀರಿತೆಂದು ಅಥವಾ ಅನಿಲ ಸಾಲದಾಯಿತೆಂದು ತಿಳಿಯಬೇಕು.

ಅಲ್ಯೂಮಿನಿಯಂಗೆ

ಕಡ್ಡಿಯನ್ನು ಕೊಳ್ಳುವ ಮೊದಲು ನಿಮ್ಮ ಯಂತ್ರವನ್ನು ನೋಡಿರಿ. ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪದರವನ್ನು ಒಡೆಯಲು ಎ.ಸಿ. ವಿದ್ಯುತ್ ಬೇಕಾಗುತ್ತದೆ. ಡಿ.ಸಿ. ಮಾತ್ರ ಕೊಡುವ ಅಗ್ಗದ ಟಿಗ್ ಯಂತ್ರದಲ್ಲಿ ಯಾವ ಕಡ್ಡಿ ತಂದರೂ ಈ ಕೆಲಸ ಸರಿಯಾಗಿ ಆಗದು.

ಎ.ಸಿ. ಯಂತ್ರವಿದ್ದಲ್ಲಿ ಎರಡು ಕಡ್ಡಿಗಳು ಸಾಕು. ಇಆರ್ 4043ರಲ್ಲಿ ಸುಮಾರು ಶೇ. 5 ಸಿಲಿಕಾನ್ ಇದೆ. ಎಂಜಿನ್ನಿನ ಎರಕದ ಮುಚ್ಚಳಗಳಿಗೂ 6061, 6063 ಜಾತಿಯ ಕೊಳವೆಗಳಿಗೂ ಇದು ಒಗ್ಗುತ್ತದೆ. ಸುಲಭವಾಗಿ ಹರಿಯುವುದರಿಂದ ಕಲಿಯುವವರಿಗೂ ಅನುಕೂಲ. ಇಆರ್ 5356ರಲ್ಲಿ ಸುಮಾರು ಶೇ. 5 ಮೆಗ್ನೀಸಿಯಂ ಇದ್ದು ಹೆಚ್ಚು ಬಲವುಳ್ಳದ್ದು. ಮೆಗ್ನೀಸಿಯಂ ಬೆರೆತ ತಗಡಿಗೆ ಇದೇ ಸರಿ. ಆದರೆ 65 ಡಿಗ್ರಿ ಸೆಂಟಿಗ್ರೇಡ್ ಮೀರಿ ಸದಾ ಕಾಯುವ ಭಾಗಗಳಿಗೆ 5356 ಬಳಸಬಾರದು. 6061, 6063 ಕೊಳವೆಗಳನ್ನು ಕಡ್ಡಿಯಿಲ್ಲದೆ ಬರಿದೇ ಕರಗಿಸಿ ಕೂಡಿಸಿದರೆ ಸಂದು ಆರುವಾಗಲೇ ಬಿರಿಯುತ್ತದೆ.

ಬೀಡು ಕಬ್ಬಿಣ ಮತ್ತು ಗಡಸು ಉಕ್ಕು

ಪಂಪಿನ ಹೊದಿಕೆಯಂತಹ ಬೀಡಿನ ಭಾಗಗಳಲ್ಲಿ ಇಂಗಾಲವು ಶೇ. 2ರಿಂದ 4ರಷ್ಟಿರುತ್ತದೆ. 70ಎಸ್-6 ಬಳಸಿದರೆ ಬೆಸುಗೆಯ ಅಂಚು ಗಡಸಾಗಿ, ತಣ್ಣಗಾಗುವಾಗ ‘ಟಿಕ್’ ಎಂಬ ಸದ್ದಿನೊಡನೆ ಬಿರಿಯುತ್ತದೆ. ಇದಕ್ಕೆ ನಿಕ್ಕಲ್ ಹೆಚ್ಚಿರುವ ಕಡ್ಡಿ ಬೇಕು, ಅದು ದುಬಾರಿ. ಹೆಚ್ಚು ಒತ್ತಡವಿಲ್ಲದ ಭಾಗವಾದರೆ ಸುಮಾರು ಶೇ. 3 ಸಿಲಿಕಾನ್ ಬೆರೆತ ಸಿಲಿಕಾನ್ ಕಂಚಿನ ಕಡ್ಡಿಯಿಂದ, ಬೀಡನ್ನು ಕರಗಿಸದೆ ಕಂಚನ್ನು ಮಾತ್ರ ಕರಗಿಸಿ ಅಂಟಿಸಬಹುದು. ಒಮ್ಮೆಗೆ ಒಂದಂಗುಲದಷ್ಟೇ ಬೆಸೆದು, ಮುಗಿದ ಮೇಲೆ ಒಣ ಬೂದಿಯಲ್ಲಿ ಹೂತು ನಿಧಾನವಾಗಿ ಆರಲು ಬಿಡಬೇಕು.

ಕಮಾನು ಪಟ್ಟಿ, ನೇಗಿಲ ಕುಳ, ಡಿಸ್ಕಿನ ತಟ್ಟೆಗಳು ಹದಕೊಟ್ಟ ಉಕ್ಕಿನವು. ಇವುಗಳಲ್ಲಿ ಬೆಸುಗೆ ಗಟ್ಟಿಯಾಗಿ ಕಂಡರೂ ಅದರ ಪಕ್ಕದಲ್ಲಿಯೇ ಬಿರುಕು ಹುಟ್ಟುತ್ತದೆ. ಕಡ್ಡಿಯನ್ನು ಬದಲಿಸುವುದರಿಂದ ಮಾತ್ರ ಇದು ಸರಿಹೋಗದು. ಮುಂಚೆ ಕಾಯಿಸಿ ಮೆಲ್ಲನೆ ಆರಿಸುವ ಅನುಭವ ಬೇಕು. ಹೊಸಬರು ಇಂತಹ ಭಾಗಗಳನ್ನು ಹೊಸದಾಗಿ ಕೊಂಡು ಹಾಕುವುದೇ ಲೇಸು.

ದಪ್ಪ, ಶುದ್ಧಿ ಮತ್ತು ಅನಿಲ

ಕಡ್ಡಿಯ ದಪ್ಪವು ತಗಡಿನ ದಪ್ಪದಷ್ಟು ಅಥವಾ ತುಸು ಕಡಿಮೆ ಇರಲಿ. 1ರಿಂದ 3 ಮಿ.ಮೀ. ತಗಡಿಗೆ 1.6 ಮಿ.ಮೀ. ಕಡ್ಡಿಯೂ, 3ರಿಂದ 6 ಮಿ.ಮೀ.ಗೆ 2.4 ಮಿ.ಮೀ. ಕಡ್ಡಿಯೂ ಸಾಕು. ದಪ್ಪ ಕಡ್ಡಿಯು ಕರಗಿದ ಕೊಳವನ್ನು ತಣ್ಣಗಾಗಿಸಿ ಮುದ್ದೆಗಟ್ಟುತ್ತದೆ.

ತುಕ್ಕು, ಬಣ್ಣ, ಎಣ್ಣೆಗಳನ್ನು ಸಂದಿನ ಎರಡೂ ಬದಿ ಒಂದಂಗುಲ ಅಗಲಕ್ಕೆ ಹೊಳೆಯುವಂತೆ ಉಜ್ಜಬೇಕು. ಸತು ಲೇಪಿತ ಕೊಳವೆಯಾದರೆ ಸತುವನ್ನು ಪೂರ್ತಿ ತೆಗೆಯಬೇಕು. ಅದರ ಹೊಗೆ ಕುಡಿದವರಿಗೆ ಚಳಿಜ್ವರ ಬರುತ್ತದೆ. ಕಡ್ಡಿಯನ್ನೂ ಅಸಿಟೋನ್ ಹಾಕಿದ ಬಟ್ಟೆಯಿಂದ ಒರೆಸಿ, ಅದು ಪೂರ್ತಿ ಆರಿದ ಮೇಲೆ ಬಳಸಿರಿ. ಸ್ಟೇನ್‌ಲೆಸ್ ಮತ್ತು ಅಲ್ಯೂಮಿನಿಯಂಗೆ ಬೇರೆ ಬೇರೆ ತಂತಿಯ ಕುಂಚಗಳಿರಲಿ. ಅನಿಲ ಶುದ್ಧ ಆರ್ಗಾನ್ ಆಗಿರಬೇಕು, ನಿಮಿಷಕ್ಕೆ 6ರಿಂದ 10 ಲೀಟರ್ ಸಾಕು. ಮಿಗ್ ಯಂತ್ರದ ಇಂಗಾಲಾಮ್ಲ ಬೆರೆತ ಅನಿಲವನ್ನು ಬಳಸಿದರೆ ಟಂಗ್‌ಸ್ಟನ್ ಸುಟ್ಟುಹೋಗುತ್ತದೆ.

ಬೇರೆ ಬೇರೆ ಜಾತಿಯ ಕಡ್ಡಿಗಳನ್ನು ಮುಚ್ಚಳವುಳ್ಳ ಪಿ.ವಿ.ಸಿ. ಕೊಳವೆಗಳಲ್ಲಿ ಹೆಸರು ಬರೆದು ಬೇರೆಯಾಗಿ ಇಡಿರಿ. ಗುರುತು ಒತ್ತಿರುವ ತುದಿಯನ್ನು ಕೈಯಲ್ಲಿ ಹಿಡಿದು ಇನ್ನೊಂದು ತುದಿಯಿಂದ ಬಳಸಿದರೆ ಉಳಿದ ತುಂಡು ಯಾವುದೆಂದು ಕೊನೆಯವರೆಗೂ ತಿಳಿಯುತ್ತದೆ. ಗುರುತಿಲ್ಲದ ಕಡ್ಡಿಯನ್ನು ಮುಖ್ಯ ಕೆಲಸಕ್ಕೆ ಬಳಸಬೇಡಿರಿ.

ಬಾಗಿಸಿ ನೋಡಿರಿ

ಹೊಸ ಕಡ್ಡಿಯನ್ನು ತಂದಾಗ ಅದೇ ಲೋಹದ ಎರಡು ತುಂಡು ಪಟ್ಟಿಗಳನ್ನು ಬೆಸೆದು, ವೈಸಿನಲ್ಲಿ ಕಚ್ಚಿಸಿ, ಸಂದಿನಲ್ಲಿಯೇ ಸುತ್ತಿಗೆಯಿಂದ ಬಾಗಿಸಿರಿ. ಮೆದು ಉಕ್ಕಿನ ಒಳ್ಳೆಯ ಬೆಸುಗೆ ಬಿರಿಯದೆ ಬಾಗುತ್ತದೆ. ಮುರಿದರೆ ಮುರಿದ ಮುಖವನ್ನು ನೋಡಿರಿ: ತೂತುಗಳಿದ್ದರೆ ಕಡ್ಡಿ, ಅನಿಲ ಅಥವಾ ಶುದ್ಧಿಯಲ್ಲಿ ದೋಷ, ಅಂಚು ಕರಗದೆ ಉಳಿದಿದ್ದರೆ ಕಾವು ಸಾಲದು. ಹತ್ತು ನಿಮಿಷದ ಈ ಪರೀಕ್ಷೆ ಗುರುವಿಲ್ಲದವರಿಗೆ ಗುರುವಾಗುತ್ತದೆ.

ಮಾಡಬಾರದ ಕೆಲಸಗಳು

1. ಟ್ರೇಲರಿನ ಕೊಂಡಿ, ಟ್ರ್ಯಾಕ್ಟರಿನ ಎಳೆದಂಡ, ಸ್ಟಿಯರಿಂಗ್ ಮತ್ತು ಬ್ರೇಕಿನ ಭಾಗಗಳನ್ನು ಕಲಿಯುವವರು ಬೆಸೆಯಬಾರದು. ಕಬ್ಬು ತುಂಬಿದ ಟ್ರೇಲರ್ ಇಳಿಜಾರಿನಲ್ಲಿ ಕಳಚಿಕೊಂಡರೆ ಹೋಗುವುದು ಜೀವ.

2. ಡೀಸೆಲ್, ಪೆಟ್ರೋಲ್ ಅಥವಾ ಕೀಟನಾಶಕ ತುಂಬಿದ್ದ ಡಬ್ಬ, ಟ್ಯಾಂಕುಗಳು ಖಾಲಿಯಾಗಿದ್ದರೂ ಬೆಸೆಯಬಾರದು. ಒಳಗುಳಿದ ಆವಿ ಸಿಡಿಯಬಹುದು, ವಿಷವಾಗಬಹುದು. ಗಾಳಿಕಂಡಿಯಿಲ್ಲದ ಮುಚ್ಚಿದ ಕೊಳವೆಗಳೂ ಕಾದಾಗ ಸಿಡಿಯುತ್ತವೆ.

3. ಕ್ಲೋರಿನ್ ಬೆರೆತ ಬ್ರೇಕ್ ಕ್ಲೀನರಿನಂತಹ ದ್ರವಗಳಿಂದ ಲೋಹವನ್ನು ಒರೆಸಬಾರದು. ಬೆಸುಗೆಯ ಕಾವು ಮತ್ತು ನೇರಳಾತೀತ ಕಿರಣ ತಾಗಿ ಇವುಗಳಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಸ್ವಲ್ಪವೇ ಉಸಿರಾಡಿದರೂ ಪ್ರಾಣಾಪಾಯವುಂಟು.

ಎಷ್ಟು ಬಗೆ ಕೊಳ್ಳಬೇಕು?

ಡಿ.ಸಿ. ಯಂತ್ರವಿರುವ ರೈತನಿಗೆ 1.6 ಮತ್ತು 2.4 ಮಿ.ಮೀ.ಗಳ 70ಎಸ್-6 ಕಡ್ಡಿ, 1.6 ಮಿ.ಮೀ.ನ 308ಎಲ್ ಹಾಗೂ ಸ್ವಲ್ಪ 309ಎಲ್ ಇದ್ದರೆ ಮನೆಯ ಹೆಚ್ಚಿನ ಕೆಲಸಗಳು ನಡೆಯುತ್ತವೆ. ಹಾಲಿನ ಪಾತ್ರೆಯಿಲ್ಲದವರು ಮೊದಲನೆಯದನ್ನಷ್ಟೇ ತಂದು, ತುಂಡು ಪಟ್ಟಿಗಳ ಮೇಲೆ ಕೈ ಪಳಗಿಸಿಕೊಂಡ ಬಳಿಕ ಉಳಿದವನ್ನು ಕೊಳ್ಳಬಹುದು. ಬೇಸಿಗೆಯ ಬಿಡುವಿನಲ್ಲಿ ಈ ಅಭ್ಯಾಸ ಮಾಡಿಕೊಂಡರೆ, ಮುಂಗಾರಿನಲ್ಲಿ ಕೂರಿಗೆ ಮುರಿದ ದಿನ ಕಡ್ಡಿಯೂ ಕೈಯೂ ಸಿದ್ಧವಾಗಿರುತ್ತವೆ.