ವೀರ್ಯವೆಂಬ ಮಾತಿನ ಎರಡರ್ಥ

‘ವೀರ್ಯ’ ಎಂಬ ಶಬ್ದಕ್ಕೆ ಪರಾಕ್ರಮವೆಂದೂ ಅರ್ಥ, ರೇತಸ್ಸೆಂದೂ ಅರ್ಥ. ಒಂದಿದ್ದೆಡೆ ಮತ್ತೊಂದು ಇದ್ದೇ ತೀರಬೇಕೆಂದು ನಂಬಿದ ಜನರಿಗೆ ಎರಡಕ್ಕೂ ಒಂದೇ ಮಾತು ಸಾಕೆನಿಸಿದ್ದರೆ ಆಶ್ಚರ್ಯವಿಲ್ಲ. ಈ ನಂಬಿಕೆಯನ್ನು ಸುಳ್ಳಾಗಿಸಿದ ಕುದುರೆಯೊಂದರ ವೃತ್ತಾಂತ ಅಮೆರಿಕದ ಪಂದ್ಯಗಳ ಚರಿತ್ರೆಯಲ್ಲಿದೆ.

1990ರಲ್ಲಿ ಹುಟ್ಟಿದ ಆ ಕುದುರೆಯ ಹೆಸರು ಸಿಗಾರ್. 1994ರ ಅಕ್ಟೋಬರಿನಿಂದ 1996ರ ಜುಲೈವರೆಗೆ ಅದು ಓಡಿದ 16 ಪಂದ್ಯಗಳನ್ನೂ ಒಂದರ ಹಿಂದೊಂದು ಗೆದ್ದಿತು. ದುಬೈ ವಿಶ್ವಕಪ್ ಪಂದ್ಯ 1996ರಲ್ಲಿ ಮೊದಲ ಸಲ ನಡೆದಾಗ ಗೆಲುವು ಅದರದೇ ಆಯಿತು. ಒಟ್ಟು ಗಳಿಕೆ ಒಂದು ಕೋಟಿ ಡಾಲರಿಗೆ 185 ಡಾಲರು ಮಾತ್ರ ಕಡಿಮೆ. ಇಂಥ ವೀರನ ಸಂತಾನಕ್ಕೆ ಯಾರು ಆಸೆಪಡರು? ಓಟದಿಂದ ನಿವೃತ್ತವಾದ ಸಿಗಾರನ್ನು ಕೆಂಟಕಿಯ ಅಶ್ವಶಾಲೆಯೊಂದರಲ್ಲಿ ಬೀಜಕ್ಕೆ ಬಿಟ್ಟರು. 34 ಹೆಣ್ಣುಕುದುರೆಗಳೊಡನೆ ಅದು ಕೂಡಿತು, ಒಂದೂ ಗಬ್ಬವಾಗಲಿಲ್ಲ. ಪರೀಕ್ಷಿಸಿದಾಗ ದೋಷ ವೀರ್ಯಾಣುಗಳಲ್ಲಿದ್ದುದು ಕಂಡುಬಂದಿತು. ವಿಮಾ ಸಂಸ್ಥೆ ಎರಡೂವರೆ ಕೋಟಿ ಡಾಲರು ತೆತ್ತಿತು.

ಕುದುರೆಯ ವೃಷಣದಲ್ಲಿ ವೀರ್ಯಾಣುವೊಂದು ರೂಪುಗೊಳ್ಳಲು ಸುಮಾರು 57 ದಿನ ಬೇಕು. ಅಲ್ಲಿನ ಶಾಖ ಮೈಶಾಖಕ್ಕಿಂತ ಕಡಿಮೆಯಿರಬೇಕು. ಜ್ವರ ಬಂದರೆ, ಪೆಟ್ಟು ಬಿದ್ದು ಬಾತರೆ, ಅದರ ಫಲ ವಾರಗಳು ಕಳೆದ ಮೇಲೆ ತೋರುತ್ತದೆ. ಪಂದ್ಯದ ಕುದುರೆಗಳಿಗೆ ಬಲಕ್ಕೆಂದು ಕೊಡುತ್ತಿದ್ದ ಸ್ಟೆರಾಯ್ಡ್ ಔಷಧಗಳು ಕೂಡ ವೃಷಣವನ್ನು ಕುಗ್ಗಿಸಬಲ್ಲವು. ಮಾಂಸಖಂಡವನ್ನು ಹಿಗ್ಗಿಸಿದ ಮದ್ದೇ ಬೀಜಕ್ಕೆ ಶತ್ರುವಾಗುತ್ತದೆ. ಇದಾವುದೂ ಹೊರಗಣ್ಣಿಗೆ ಕಾಣದು. ಮಿರುಗುವ ಮೈ, ಕೊಬ್ಬಿದ ಕೊರಳು, ಕೆನೆತ ಎಲ್ಲವೂ ಹಾಗೆಯೇ ಇರುತ್ತವೆ. ವೀರ್ಯಾಣುಗಳೆಷ್ಟಿವೆ, ಚಲಿಸುವವೆಷ್ಟು, ಆಕಾರ ನೆಟ್ಟಗಿರುವವೆಷ್ಟು ಎಂಬುದನ್ನು ಸೂಕ್ಷ್ಮದರ್ಶಕವೇ ಹೇಳಬೇಕು. ಥರೋಬ್ರೆಡ್ ತಳಿಗೆ ಕೃತಕ ಗರ್ಭಧಾರಣೆ ನಿಷಿದ್ಧವಾದ್ದರಿಂದ ದೋಷ ತಿಳಿದರೂ ಪರಿಹಾರದ ದಾರಿ ಕಿರಿದು.

ಇದಕ್ಕೆ ನೇರ ವಿರುದ್ಧವಾದುದು ವಾರ್ ಎಂಬ್ಲಮ್‌ನ ಕಥೆ. 2002ರಲ್ಲಿ ಕೆಂಟಕಿ ಡರ್ಬಿ ಗೆದ್ದ ಈ ಕುದುರೆಯನ್ನು ಜಪಾನಿನವರು ಭಾರಿ ಬೆಲೆಗೆ ಕೊಂಡೊಯ್ದರು. ಅದರ ಬೀಜ ಸಾರವುಳ್ಳದ್ದು. ಆದರೆ ಹೆಣ್ಣುಕುದುರೆಗಳಲ್ಲಿ ಅದಕ್ಕೆ ಒಲವೇ ಹುಟ್ಟುತ್ತಿರಲಿಲ್ಲ. ಅಪರೂಪಕ್ಕೆ ಮನಸ್ಸು ಮಾಡಿದಾಗ ಹುಟ್ಟಿದ ಮರಿಗಳಲ್ಲಿ ಪಂದ್ಯ ಗೆದ್ದವೂ ಇವೆ.

ಕೂಡುವ ಶಕ್ತಿ ಬೇರೆ, ಹುಟ್ಟಿಸುವ ಶಕ್ತಿ ಬೇರೆ. ಈ ಭೇದವನ್ನು ಹೇಳಲು ನಮ್ಮ ಬಳಕೆಯ ಮಾತಿನಲ್ಲಿ ಪದವಿಲ್ಲ. ‘ಬಂಜೆ’ ಎಂಬುದು ಹೆಣ್ಣಿಗೇ ಅಂಟಿಕೊಂಡ ಶಬ್ದ. ಗಂಡಿಗೆ ಇರುವುದು ‘ಷಂಡ’ನೆಂಬ ಬೈಗುಳ. ಷಂಡನಲ್ಲದ ಗಂಡು ಬಂಜೆಯಾಗಿರಬಹುದೆಂಬ ಯೋಚನೆ ಆ ಮಾತುಗಳೊಳಗೆ ನುಸುಳಲಾರದು. ಅದರಿಂದಲೇ ನಮ್ಮ ಎಷ್ಟೋ ಮನೆಗಳಲ್ಲಿ ಹರಕೆ, ಮದ್ದು, ನಿಂದೆಗಳೆಲ್ಲ ಸೊಸೆಯ ಪಾಲಿಗೆ ಬಂದವು. ಗಂಡನಿಗೆ ದೊರೆತದ್ದು ಎರಡನೆಯ ಮದುವೆ. ಕೆಂಟಕಿಯಲ್ಲಿ 34 ಹೆಣ್ಣುಕುದುರೆಗಳೂ ಬರಿದಾಗಿ ನಿಂತಾಗ ಪರೀಕ್ಷೆ ನಡೆದದ್ದು ಗಂಡಿಗೆ. ಕುದುರೆಗೆ ಸಂದ ಆ ನ್ಯಾಯ ನಮ್ಮ ಹೆಣ್ಣುಮಕ್ಕಳಿಗೂ ಸಲ್ಲಬೇಡವೆ?

ಸಂತಾನವಿಲ್ಲದ ಸಿಗಾರನ್ನು 1999ರಲ್ಲಿ ಲೆಕ್ಸಿಂಗ್ಟನ್ನಿನ ಕೆಂಟಕಿ ಅಶ್ವೋದ್ಯಾನಕ್ಕೆ ತಂದರು. 2014ರಲ್ಲಿ ಸಾಯುವವರೆಗೆ ಅದು ಅಲ್ಲಿಯೇ ಇತ್ತು. ಅದರಿಂದ ಒಂದು ಮರಿಯ ಆಸೆಯೂ ಇಲ್ಲದ ಜನ ಅದನ್ನು ನೋಡಲು ದೂರದೂರದಿಂದ ಬರುತ್ತಿದ್ದರು.