ಒಂದು ಗೀರು ಬಿದ್ದರೆ ಡ್ರೈವರನ ಅನ್ನ ಹೋಯಿತೇ?

(ನಮ್ಮ ಪ್ರತಿನಿಧಿಯಿಂದ)

ನಮ್ಮ ಭಾಗದಲ್ಲಿ ಲಾರಿ ಓಡದಿದ್ದರೆ ಎಷ್ಟೋ ಮನೆಗಳ ಒಲೆ ಉರಿಯುವುದಿಲ್ಲ. ವಾಡಿಯ ಸಿಮೆಂಟು, ಶಹಾಬಾದಿನ ಫರಸಿ, ಸೇಡಂ-ಚಿತ್ತಾಪುರದ ತೊಗರಿ, ಚಿಂಚೋಳಿಯಿಂದ ತಾಂಡೂರ ಕಡೆ ಹೋಗುವ ಮಾಲು, ಎಲ್ಲಕ್ಕೂ ಗಾಲಿಯೇ ಗತಿ. ವಾಡಿಯಲ್ಲಿ 1968ರಲ್ಲಿ ಸಿಮೆಂಟ್ ಕಾರ್ಖಾನೆ ಶುರುವಾಯಿತು. ಆಮೇಲೆ ಮಳಖೇಡ, ಸೇಡಂ, ಚಿತ್ತಾಪುರ ತಾಲೂಕಿನ ಇಟಗಾ, ಚಿಂಚೋಳಿ ತಾಲೂಕು ಅಂತ ಒಂದಾದ ಮೇಲೊಂದು ಚಿಮಣಿ ಎದ್ದವು. ಚಿಮಣಿ ಎದ್ದಲ್ಲೆಲ್ಲ ಸ್ಟೇರಿಂಗ್ ಹಿಡಿಯುವ ಹುಡುಗರೂ ತಯಾರಾದರು.

ಈ ಹುಡುಗರ ಒಂದು ಕಷ್ಟದ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಹಿಂಗ ಅಂತ ಇಟ್ಟುಕೊಳ್ಳಿ. ಇಪ್ಪತ್ತೆರಡರ ಹುಡುಗ. ಮೂರು ವರ್ಷ ಕ್ಲೀನರ್ ಆಗಿ ಟಾಯರ್ ಬಡಿದ, ತಾಡಪತ್ರಿ ಕಟ್ಟಿದ, ಲೈಸೆನ್ಸು ಮಾಡಿಸಿಕೊಂಡ. ಒಬ್ಬನೇ ಗಾಡಿ ಹಿಡಿದು ಎರಡನೆಯ ತಿಂಗಳು. ಬಜಾರಿನಲ್ಲಿ ರಿವರ್ಸ್ ತೆಗೆಯುವಾಗ ಹಿಂದಿನ ಮೂಲೆ ಅಂಗಡಿಯೊಂದರ ತಗಡಿನ ಚಪ್ಪರಕ್ಕೆ ತಾಗಿತು. ಯಾರಿಗೂ ಗಾಯವಿಲ್ಲ. ತಗಡು ಡೊಂಕಾಯಿತು, ಬಾಡಿಗೆ ಗೀರು ಬಿತ್ತು. ಸಂಜೆಯೊಳಗೆ ಮಾಲಕ ಕೀಲಿ ಕಸಿದುಕೊಂಡ. ಮರುದಿನ ಇನ್ನೊಬ್ಬ ಮಾಲಕನ ಹತ್ತಿರ ಹೋದರೆ, "ಅಂವಾ ಗುದ್ದಿ ಬಂದಾನಂತ, ನಮಗ ಬ್ಯಾಡ."

ಚಹಾದಂಗಡಿಯ ಸುದ್ದಿ ಲಾರಿಗಿಂತ ಜೋರು ಓಡುತ್ತದೆ ನೋಡಿ!

ಎಲ್ಲ ಬಾಗಿಲು ಮುಚ್ಚಿದರೆ ಆ ಹುಡುಗ ಎಲ್ಲಿಗೆ ಹೋದಾನು? ಏನೂ ಕೇಳದ ಮಾಲಕನ ಹತ್ತಿರ. ಹಳೆಯದನ್ನು ಕೇಳದವನು ಬ್ರೇಕು ಸರಿ ಇದೆಯೇ ಅಂತಲೂ ಕೇಳುವುದಿಲ್ಲ, ನಿದ್ದೆ ಆಗಿದೆಯೇ ಅಂತಲೂ ಕೇಳುವುದಿಲ್ಲ. ಓವರ್‌ಲೋಡಿಗೆ 20 ಸಾವಿರ ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2 ಸಾವಿರ ಅಂತ 2019ರ ತಿದ್ದುಪಡಿ ಹೇಳಿದೆ. ಹೇಳಿದರೇನು, "ಇನ್ನೂ ನಲವತ್ತು ಚೀಲ ಹಾಕ್ರಿ" ಅನ್ನುವ ಮಾಲಕ ಇದ್ದೇ ಇರುತ್ತಾನೆ. ನಲವತ್ತು ಚೀಲ ಅಂದರೆ ಎರಡು ಟನ್ನು. ಚಪ್ಪರಕ್ಕೆ ತಾಗಿಸಿದ ಹುಡುಗ ಈಗ ರಾತ್ರಿಯ ರಸ್ತೆಯಲ್ಲಿ ಭಾರದ ಗಾಡಿ ಹಿಡಿದಿದ್ದಾನೆ. ಎದುರಿಗೆ ಬರುವುದು ನೀವು ಕೂತ ಬಸ್ಸು.

ಮೊದಲ ಕೆಲಸ: ಓಡಬೇಡ

ಅಪಘಾತವಾದರೆ ಏನು ಮಾಡಬೇಕು ಎಂದು 1988ರ ಮೋಟಾರು ವಾಹನ ಕಾಯಿದೆಯ 134ನೇ ಕಲಮಿನಲ್ಲಿ ಬರೆದಿದೆ. ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕು. ಸ್ಥಳದಲ್ಲಿ ಪೊಲೀಸರು ಇಲ್ಲದಿದ್ದರೆ ಹತ್ತಿರದ ಠಾಣೆಗೆ ಆದಷ್ಟು ಬೇಗ, ತಡವೆಂದರೂ 24 ತಾಸಿನೊಳಗೆ ತಿಳಿಸಬೇಕು. ವಿಮೆ ಕಂಪನಿಗೆ ಬರೆದು ಕೊಡಬೇಕು.

"ನಿಂತರ ಮಂದಿ ಹೊಡೀತಾರ್ರಿ" ಅನ್ನುವ ಭಯ ಸುಳ್ಳಲ್ಲ. ಜನರ ಸಿಟ್ಟಿಗೆ ಸಿಕ್ಕು ನಿಲ್ಲಲಾಗದಿದ್ದರೆ ಅದನ್ನೂ ಇದೇ ಕಲಂ ಒಪ್ಪುತ್ತದೆ. ಆದರೆ ಆಗ ಓಡಬೇಕಾದ್ದು ಠಾಣೆಗೆ, ಊರಿಗಲ್ಲ. ಸಾವು ಮಾಡಿ ತಿಳಿಸದೆ ಓಡಿದರೆ 10 ವರ್ಷದ ತನಕ ಶಿಕ್ಷೆ ಎಂಬ ಹೊಸ ಕಲಮಿನ ಮೇಲೆ 2024ರ ಜನವರಿಯಲ್ಲಿ ದೇಶದ ಹಲವೆಡೆ ಡ್ರೈವರುಗಳು ಗಾಡಿ ನಿಲ್ಲಿಸಿದ್ದು ನೆನಪಿರಬಹುದು. ಆ ವರ್ಷ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಆ ಒಂದು ಕಲಮನ್ನು ತಡೆಹಿಡಿಯಲಾಯಿತು. ಹಾಗಂತ ಓಡಿದವನಿಗೆ ಯಾರೂ ಎರಡನೆಯ ಸಲ ಕೀಲಿ ಕೊಡುವುದಿಲ್ಲ.

ಲೈಸೆನ್ಸು ಯಾರದು?

ಕೆಲ ಮಾಲಕರು "ನಷ್ಟ ತುಂಬೋ ತನಕ ಇಲ್ಲೇ ಇರಲಿ" ಎಂದು ಹುಡುಗನ ಲೈಸೆನ್ಸನ್ನು ಗಲ್ಲೆಯಲ್ಲಿ ಇಟ್ಟುಕೊಳ್ಳುವುದುಂಟು. ಲೈಸೆನ್ಸು ಬಂಗಾರದ ಸರವಲ್ಲ, ಒತ್ತೆ ಇಡಲಿಕ್ಕೆ. ಅದನ್ನು ಅಮಾನತು ಮಾಡುವ ಅಧಿಕಾರ ಸಾರಿಗೆ ಅಧಿಕಾರಿಗೆ, ಕೋರ್ಟಿಗೆ ಇದೆ, ಮಾಲಕನಿಗಿಲ್ಲ. ಅಮಾನತು ಆಗದಿದ್ದರೆ ಅದು ಊರ್ಜಿತವೇ, ಕಣ್ಣೆದುರು ಒಂದು ಗುದ್ದು ನಡೆದಿದ್ದರೂ ಸರಿ. ಅಮಾನತು ಆಗಿದ್ದರೆ ಮುಚ್ಚಿಡುವುದೂ ಸಾಧ್ಯವಿಲ್ಲ, ಈಗ ಎಲ್ಲ ದಾಖಲೆ ಕಂಪ್ಯೂಟರಿನಲ್ಲಿದೆ.

ಹಳೆಯ ಮಾಲಕನ ಹತ್ತಿರ ಲೆಕ್ಕ ಹರಿಯದೆ ಹೊಸ ಬಾಗಿಲು ತಟ್ಟಬಾರದು. ಎಷ್ಟು ನಷ್ಟ, ಎಷ್ಟು ಪಗಾರ ಹಿಡಿದರು, ಎಷ್ಟು ಬಾಕಿ, ಎಲ್ಲ ಒಂದು ಚೀಟಿಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಬೇಕು. ಆ ಚೀಟಿ ನಾಳೆ ಬಾಯಿಮಾತಿಗಿಂತ ಹೆಚ್ಚು ಬಾಳುತ್ತದೆ.

ಒಂದು ಮೆಟ್ಟಿಲು ಇಳಿದರೆ ಮಾನ ಹೋಗದು

ಹನ್ನೆರಡು ಗಾಲಿಯಿಂದ ನಾಲ್ಕು ಗಾಲಿಗೆ ಇಳಿಯಲು ಹುಡುಗರು ನಾಚುತ್ತಾರೆ. ನಾಚಬೇಕಿಲ್ಲ. ಒಟ್ಟು ತೂಕ 7,500 ಕಿಲೋ ದಾಟದ ಸಾಗಣೆ ವಾಹನವನ್ನು ಹಗುರ ವಾಹನದ ಲೈಸೆನ್ಸಿನ ಮೇಲೆಯೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರಿನಲ್ಲಿ ಹೇಳಿತು. ವಯಸ್ಸು ಮಾತ್ರ 20 ತುಂಬಿರಬೇಕು. ಎಂಟನೆಯ ಇಯತ್ತೆ ಪಾಸಾಗಿರಬೇಕು ಅನ್ನುವ ಷರತ್ತನ್ನು 2019ರಲ್ಲೇ ತೆಗೆದರು. ಕಿರಾಣಿ ಮಾಲು, ಗೊಬ್ಬರ, ಟೈಲ್ಸು ಸಾಗಿಸುವ ಟೆಂಪೋ ಮೇಲೆ ಒಂದು ವರ್ಷ ಗೀರಿಲ್ಲದೆ ಕಳೆದರೆ ಅದೇ ದೊಡ್ಡ ಸರ್ಟಿಫಿಕೇಟು. ಇಲ್ಲವೇ ಹಳೆಯ ಡ್ರೈವರನ ಜೊತೆ ಎರಡನೆಯವನಾಗಿ ಕೂತು ಕನ್ನಡಿ ನೋಡುವುದನ್ನು, ಇಳಿದು ಹಿಂದೆ ನೋಡಿ ಬಂದು ರಿವರ್ಸ್ ಹಾಕುವುದನ್ನು ಮತ್ತೆ ಕಲಿಯಬಹುದು.

ಇನ್ನು ಕೆಲಸ ಕೇಳಲು ಹೋದಾಗ ಹೇಳಬೇಕೋ, ಮುಚ್ಚಬೇಕೋ? ಹೇಳಿಬಿಡಬೇಕು. ಅದೂ ಮೊದಲೇ. "ಇಂಥಾ ದಿನ, ಇಂಥಾ ಕಡೆ ತಾಗಿಸೀನ್ರಿ. ಓಡಿಲ್ಲ. ಲೆಕ್ಕ ಹರದದ, ಚೀಟಿ ಇಲ್ಲದ. ಈಗ ಇಳದು ನೋಡದ ಹಿಂದಕ್ಕ ತಗಿಯೂದಿಲ್ಲ." ಇಷ್ಟು ಸಾಕು. ಇಷ್ಟು ಹೇಳುವವನನ್ನು ಹತ್ತರಲ್ಲಿ ಒಬ್ಬ ಮಾಲಕನಾದರೂ ಕೂಡಿಸಿ ಚಹಾ ಕೊಡುತ್ತಾನೆ. ಆ ಒಬ್ಬ ಸಿಕ್ಕರೆ ಸಾಕಲ್ಲ.

ಅಂಗಡಿಯವರಿಗೆ ಒಂದು ಮಾತು

ಸಾಹುಕಾರರೇ, ಮಾಲು ತರಿಸುವವರು ನೀವು, ಟೆಂಪೋ ಗೊತ್ತು ಮಾಡುವವರು ನೀವು. "ಎಂದಾದರೂ ಗುದ್ದಿದ್ದಿಯೇನು?" ಅಂತ ಕೇಳಿದರೆ ಎಲ್ಲರೂ ಇಲ್ಲವೆಂದೇ ಹೇಳುತ್ತಾರೆ. "ಗುದ್ದಿದ ಮೇಲೆ ಏನು ಮಾಡಿದಿ?" ಅಂತ ಕೇಳಿ ನೋಡಿ. ಲೈಸೆನ್ಸು ಈ ಗಾಡಿಗೆ ಸರಿ ಇದೆಯೇ ನೋಡಿ. ಇಲ್ಲದಿದ್ದರೆ ವಿಮೆ ಕಂಪನಿ ಕೊಟ್ಟ ಪರಿಹಾರವನ್ನು ಗಾಡಿಯ ಮಾಲಕನಿಂದಲೇ ವಸೂಲಿ ಮಾಡಬಹುದು. ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಎಂದು ಮೋಟಾರು ಕಾರ್ಮಿಕರ ಕಾಯಿದೆ 1961ರಲ್ಲೇ ಹೇಳಿತ್ತು. ಹದಿನಾರು ತಾಸು ದುಡಿಸಿ, ಹದಿನೇಳನೆಯ ತಾಸಿನಲ್ಲಿ ಬಿದ್ದ ಗೀರಿಗೆ ಹುಡುಗನೊಬ್ಬನನ್ನೇ ಹೊಣೆ ಮಾಡುವುದು ಯಾವ ನ್ಯಾಯ?

ಗೀರು ಬಿದ್ದ ಬಾಡಿಗೆ ಬಣ್ಣ ಬಳಿಸಬಹುದು. ಕಲಿತ ಕೈಯನ್ನು ರಸ್ತೆಗೆ ಬಿಸಾಡಿದರೆ ಅದರ ಬಿಲ್ಲು ಒಂದು ದಿನ ನಮ್ಮೆಲ್ಲರ ಹೆಸರಿಗೇ ಬರುತ್ತದೆ.